ಕಂಡಕ್ಟರ ಕಾಕಾ ಮೆತ್ತಗೆ ಮಾಡದ ಮಾತು

ತಗಡಿನ ಪೆಟ್ಟಿಗೆಯ ಮುಚ್ಚಳ ತೆಗೆದ ಕೂಡಲೇ ಲವಂಗದ ವಾಸನೆ ಬಂತು.

ನನ್ನ ಮೈಕಿನ ಅಂಗಡಿಯ ಹಿಂದಿನ ಕೋಣೆ ಖಾಲಿ ಮಾಡುತ್ತಿದ್ದೆ. ಹೊಸ ಸ್ಪೀಕರುಗಳು ಬಂದಿದ್ದವು, ಇಡಲು ಜಾಗವಿರಲಿಲ್ಲ. ಧ್ವನಿವರ್ಧಕದ ಸೊಟ್ಟಗಾದ ಭೋಂಗಾಗಳು, ಹರಿದ ವೈರುಗಳು, ಇಲಿ ಕಡಿದ ಪರದೆಗಳು, ಎಲ್ಲದರ ತಳದಲ್ಲಿ ಈ ಪೆಟ್ಟಿಗೆ. ಒಳಗೆ ಬಟ್ಟೆಯಲ್ಲಿ ಸುತ್ತಿದ ಒಂದು ಮೈಕು, ಮೂಲೆಯಲ್ಲಿ ನಾಲ್ಕೈದು ಲವಂಗ. ಮೈಕಿನ ಜಾಲರಿಯನ್ನು ಮೂಗಿಗೆ ಹಿಡಿದೆ. ನಗಬೇಡಿ... ಈ ವಯಸ್ಸಿನಲ್ಲಿ, ಮಟಮಟ ಮಧ್ಯಾಹ್ನ, ಧೂಳಿನ ಕೋಣೆಯಲ್ಲಿ ನಿಂತಿದ್ದ ನಾನು ಒಂದೇ ಏಟಿಗೆ ಆ ಸಭೆಯ ನಡುವೆ ಇದ್ದೆ. ಜನ ಸೀಟಿ ಹೊಡೆಯುತ್ತಿದ್ದರು. ಟ್ರ್ಯಾಕ್ಟರುಗಳ ಮೇಲೆ ಹುಡುಗರು ಕುಣಿಯುತ್ತಿದ್ದರು. ವೇದಿಕೆಯ ಮೇಲೆ ಕಂಡಕ್ಟರ ಕಾಕಾ ಬಾಯಿಗೆ ಲವಂಗ ಹಾಕಿಕೊಂಡು, ಮೈಕಿನ ಕತ್ತು ಹಿಡಿದು ನಿಂತಿದ್ದರು.

ಅವರಿಗೆ ಹೆಸರಿತ್ತು, ಆದರೆ ಅದನ್ನು ಊರಲ್ಲಿ ಯಾರೂ ಬಳಸಲಿಲ್ಲ. ಮೂವತ್ತು ವರ್ಷ ಮಹಾರಾಷ್ಟ್ರದ ಜತ್ತಿನಿಂದ ಸಂಖದ ಮೇಲೆ ಹಾದು ಗಡಿಯಾಚೆ ವಿಜಯಪುರಕ್ಕೆ ಹೋಗುವ ಬಸ್ಸಿನ ಕಂಡಕ್ಟರ್ ಆಗಿದ್ದರು. ನಮ್ಮ ಅಂಗಡಿಯ ಗೋಡೆಗೆ ಅವರ ಮನೆಯ ಗೋಡೆ ತಾಗಿತ್ತು. ಕಾಕಿ ಬೇಗ ಹೋಗಿಬಿಟ್ಟಿದ್ದರು, ಮಗಳನ್ನು ಬಿಳೂರಿಗೆ ಕೊಟ್ಟಿದ್ದರು. ನಿವೃತ್ತರಾದ ಮೇಲೆ ಬೆಳಿಗ್ಗೆ ಎದ್ದು, ಹಣೆ ತುಂಬ ವಿಭೂತಿ ಹಚ್ಚಿ, ಬಿಳಿ ಟೊಪ್ಪಿಗೆ ಇಟ್ಟು, ನೇರ ನನ್ನ ಅಂಗಡಿಯ ಬಾಕಿನ ಮೇಲೆ ಬಂದು ಕೂರುತ್ತಿದ್ದರು. "ತಮ್ಮಾ, ಚಾ ಹೇಳು. ಇವತ್ತ ಊರಾಗ ಯಾರ ಯಾರ ಕೂಡ ಜಗಳ ಆಡ್ಯಾರ?" ಇದು ಅವರ ಮೊದಲ ಮಾತು. ಜಗಳ ಇದ್ದರೆ ಅವರ ಕಣ್ಣು ಹೊಳೆಯುತ್ತಿತ್ತು. ಬಿಡಿಸಲು ಒಂದು ಕೆಲಸ ಸಿಕ್ಕಿತಲ್ಲ ಎಂದು.

ಬಸ್ಸಿನಲ್ಲೇ ಅವರಿಗೆ ಆ ವಿದ್ಯೆ ಬಂದದ್ದು. ಮೂವರ ಸೀಟಿನಲ್ಲಿ ಐವರು, ನಡುವೆ ಕೋಳಿಬುಟ್ಟಿ, ಕಾಲಡಿ ಕುರಿಮರಿ. ಒಬ್ಬ ಮರಾಠಿಯಲ್ಲಿ ಬೈದರೆ ಇನ್ನೊಬ್ಬ ಕನ್ನಡದಲ್ಲಿ ಬೈಯುತ್ತಿದ್ದ. ಕಾಕಾ ನಡುವೆ ಅಡ್ಡಡ್ಡ ನಿಂತು ಕೂಗುತ್ತಿದ್ದರು: "ಸರೀರಿ, ಸರೀರಿ! ಜಗಾ ಅನ್ನೂದು ಇರೂದಿಲ್ಲ, ಮಾಡೂದು!" ಎಲ್ಲರೂ ಗೊಣಗುತ್ತಲೇ ಸರಿಯುತ್ತಿದ್ದರು. ಜಾಗ ಆಗಿಬಿಡುತ್ತಿತ್ತು!

ಒಮ್ಮೆ ನಾನೂ ಆ ಬಸ್ಸಿನಲ್ಲಿದ್ದೆ. ಗಾದಿ ಅವ್ವ ಹತ್ತಿದಳು. ಊರೂರು ತಿರುಗಿ ಗಾದಿ ತುಂಬಿ ಹೊಲಿದು ಕೊಡುತ್ತಿದ್ದ ಹೆಂಗಸು, ತಲೆಯ ಮೇಲೆ ಎಮ್ಮೆಕರುವಿನಷ್ಟು ದೊಡ್ಡ ಅರಳೆಯ ಮೂಟೆ. ಜರಿ ಪೇಟದ ದೊಡ್ಡ ರೈತರೊಬ್ಬರು ಸಿಡಿದೆದ್ದರು: "ಏ ಕಂಡಕ್ಟರ, ಮೊದಲ ಆಕಿನ್ನ ಇಳಸು!" ಕಾಕಾ ಮೂಟೆಯನ್ನು ಎತ್ತಿ ಆ ರೈತರ ಬೆನ್ನ ಹಿಂದೆ ತುರುಕಿ, "ಒರಗ್ರಿ ಯಜಮಾನ್ರ. ಈ ಗಾಡ್ಯಾಗ ಇಷ್ಟು ಮೆತ್ತಗ ಕುಂತು ಯಾರರ ಹೋಗ್ಯಾರೇನು?" ಅಂದರು. ಬಸ್ಸು ಸನಮಡಿ ಫಾಟಾದ ತಿರುವು ದಾಟುವಷ್ಟರಲ್ಲಿ ಆ ರೈತರು ಗೊರಕೆ ಹೊಡೆಯುತ್ತಿದ್ದರು. ಅವತ್ತಿನಿಂದ ಗಾದಿ ಅವ್ವ ಕಾಕಾನನ್ನು "ನನ್ನ ತವರಮನಿ ಅಣ್ಣಾ" ಎಂದೇ ಕರೆಯುತ್ತಿದ್ದಳು. ವಯಸ್ಸಿನಲ್ಲಿ ಅವಳೇ ದೊಡ್ಡವಳು!

ಇಂಥವರನ್ನು ರಾಜಕಾರಣ ಬಿಡುತ್ತದೆಯೇ?

ನಮ್ಮ ತಾಲೂಕು ಆಗ ಎರಡು ಹೋಳಾಗಿತ್ತು. ಕಾಲುವೆಯ ನೀರು ಪಶ್ಚಿಮದ ಹಳ್ಳಿಗಳಿಗೆ ಬಂದು ನಿಂತಿತ್ತು, ಪೂರ್ವದ ನಮಗೆ ಬಂದಿರಲಿಲ್ಲ. ಅತ್ತಲವರು ನಮ್ಮನ್ನು ಕಾನಡಿಗಳು ಅನ್ನುತ್ತಿದ್ದರು, ಗಡಿಯಾಚೆಯವರು ಮಹಾರಾಷ್ಟ್ರದವರು ಅನ್ನುತ್ತಿದ್ದರು. ದೇಶದ ತುಂಬ 'ನಮ್ಮವರು, ಅವರು' ಎಂಬ ಮಾತು ಏರುತ್ತಿದ್ದ ಕಾಲ. ನಮಗಂತೂ ನಾವು ಯಾರವರು ಎಂಬುದೇ ತಿಳಿಯದು. ಪಶ್ಚಿಮಕ್ಕೆ ನಾಯಕರೆಂದರೆ ಒಬ್ಬರು ಸಾಹೇಬರು, ಅಚ್ಚ ಮರಾಠಿಯವರು. ನಮ್ಮ ಭಾಗಕ್ಕೆ ಒಬ್ಬರು ಗೌಡರು. ಇಬ್ಬರೂ ಒಬ್ಬರ ಹೆಸರನ್ನು ಇನ್ನೊಬ್ಬರು ಎತ್ತುತ್ತಿರಲಿಲ್ಲ.

ಸಾಹೇಬರು ಮೊದಲ ಸಲ ನಮ್ಮೂರಿಗೆ ಭಾಷಣಕ್ಕೆ ಬಂದಾಗ ಮೈಕು ನನ್ನದೇ. ನಮ್ಮವರಿಗೆ ಮರಾಠಿ ಬರುವುದಿಲ್ಲವೆಂದಲ್ಲ. ಸಂತೆಗೆ, ಕಚೇರಿಗೆ ಬೇಕಾದಷ್ಟು ಎಲ್ಲರಿಗೂ ಬರುತ್ತದೆ. ಆದರೆ ಭಾಷಣದ ಮರಾಠಿ ಬೇರೆ. ಮೇಲಾಗಿ ಮುಂದೆ ಕೂರುವ ಮುದುಕಿಯರು ಕನ್ನಡದಲ್ಲಿ ಹೇಳದ ಮಾತನ್ನು ಮಾತೆಂದೇ ಎಣಿಸುತ್ತಿರಲಿಲ್ಲ. ಹತ್ತು ನಿಮಿಷಕ್ಕೆ ಎದ್ದು ಹೊರಟರು. ಗಾಬರಿಯಾದ ಕಾರ್ಯಕರ್ತರು ನನ್ನ ಪಕ್ಕ ನಿಂತಿದ್ದ ಕಾಕಾನನ್ನು ರಟ್ಟೆ ಹಿಡಿದು ವೇದಿಕೆ ಹತ್ತಿಸಿದರು.

ಅಬ್ಬಾ, ಆ ಸಂಜೆ! ಸಾಹೇಬರು ಮರಾಠಿಯಲ್ಲಿ ಗುಡುಗಿದರು: ನೀವು ನನಗೆ ಎಂದೂ ಮತ ಹಾಕಿಲ್ಲ, ಆದರೂ ನನ್ನ ಮನಸ್ಸು ದೊಡ್ಡದು, ಬಂದಿದ್ದೇನೆ. ಕಾಕಾ ಮೈಕಿಗೆ ಬಾಯಿಟ್ಟು ಹೇಳಿದರು: "ಸಾಹೇಬ್ರು ನಿಮ್ಮ ಮ್ಯಾಲ ಮುನಿಸ್ಕೊಂಡಾರ. ಮುನಿಸ್ಕೊಂಡ ಬೀಗರು ಬಂದಾರಂದ್ರ ಊಟಾ ಬಿಟ್ಟು ಎದ್ದು ಹೋಗಬಾರದ್ರಿ, ಕುಂದ್ರಿ!" ಮರಾಠಿ ಬಲ್ಲವರೆಲ್ಲ ಬಿದ್ದು ಬಿದ್ದು ನಕ್ಕರು. ಮುದುಕಿಯರು ಮತ್ತೆ ಕೂತರು. ಆಗ ಒಬ್ಬ ಅಜ್ಜಿ ಎದ್ದು ಕೂಗಿದಳು: "ಇವರಪ್ಪ ನಮ್ಮ ಬಾವ್ಯಾನ ನೀರು ಕುಡದು ಹೋದಾವ ಮತ್ತ ಈ ಕಡೆ ತಿರಗಿ ನೋಡ್ಲಿಲ್ಲ ಅಂತ ಹೇಳು!" ಕಾಕಾ ಸಾಹೇಬರ ಕಡೆ ತಿರುಗಿ ಕೈಮುಗಿದು ಮರಾಠಿಯಲ್ಲಿ ಹೇಳಿದ್ದಿಷ್ಟೆ: ಸಾಹೇಬ, ಈ ಅಜ್ಜಿಗೆ ನಿಮ್ಮ ತಂದೆಯವರ ನೆನಪು ಇನ್ನೂ ಹೋಗಿಲ್ಲ. ಸಾಹೇಬರ ಕಣ್ಣು ಒದ್ದೆಯಾಯಿತು. ಕೆಳಗಿಳಿದು ಬಂದು ಅಜ್ಜಿಯ ಕಾಲು ಮುಟ್ಟಿದರು! ಸುಳ್ಳು ಹೇಳಿದರೇ ಕಾಕಾ? ಒಂದು ಅಕ್ಷರವೂ ಸುಳ್ಳಲ್ಲ. ಮುಳ್ಳು ಮಾತ್ರ ತೆಗೆದಿದ್ದರು.

ಆಮೇಲೆ ಕಾಕಾ ಇಲ್ಲದೆ ಈ ಭಾಗದಲ್ಲಿ ಸಭೆಯೇ ಇಲ್ಲ ಎಂಬಂತಾಯಿತು. ಯಾವ ಪಕ್ಷದವರು ಬಂದರೂ ಮೊದಲು ನನ್ನ ಮೈಕು, ಅದರ ಹಿಂದೆ ಕಾಕಾ. ಮೋಟಾರ್‌ಸೈಕಲ್ಲಿನ ಹಿಂದೆ ಅವರನ್ನು ಕೂರಿಸಿಕೊಂಡು ಎಷ್ಟು ಊರು ತಿರುಗಿದೆನೋ... ಜನ ಭಾಷಣ ಕೇಳಲು ಬರುತ್ತಿರಲಿಲ್ಲ. ಭಾಷಣವನ್ನು ಕಾಕಾ ಏನು ಮಾಡುತ್ತಾರೆ ಎಂದು ನೋಡಲು ಬರುತ್ತಿದ್ದರು. ಗಂಟಲಿಗೆಂದು ಲವಂಗ, ನನಗೂ ಒಂದು. "ಮಾತು ಅಂದ್ರ ಅರಳಿ ಇದ್ದಂಗ ತಮ್ಮಾ. ಬಡದು ಬಡದು ಮೆತ್ತಗ ಮಾಡಿದ್ರ ಮಲಗಾಕ ಬರ್ತೈತಿ" ಎಂದು ಗಾಳಿಯಲ್ಲಿ ನನ್ನ ಕಿವಿಗೆ ಕೂಗುತ್ತಿದ್ದರು.

ಮುಂದೆ ಒಂದು ಚುನಾವಣೆ ಬಂತು. ಅದರಲ್ಲಿ ಸಾಹೇಬರಿಗೆ ಗೌಡರಿಲ್ಲದೆ ಗತಿಯಿರಲಿಲ್ಲ, ಗೌಡರಿಗೆ ಸಾಹೇಬರಿಲ್ಲದೆ ಕಾಲುವೆ ಬರುವಂತಿರಲಿಲ್ಲ. ಇಬ್ಬರನ್ನೂ ಕೂಡಿಸುವವರು ಯಾರು? ಕಾಕಾ ಹದಿನೈದು ದಿನ ಓಡಾಡಿದರು. ಬೆಳಿಗ್ಗೆ ಇವರ ಮನೆಯಲ್ಲಿ ಚಹಾ, ಮಧ್ಯಾಹ್ನ ಅವರ ಮನೆಯಲ್ಲಿ ಊಟ. ಕೊನೆಗೆ ಇಬ್ಬರೂ ಒಪ್ಪಿದರು. ಯಾರ ಮನೆಯಲ್ಲೂ ಅಲ್ಲ, ದಾರಿಯ ನಡುವೆ ದ್ರಾಕ್ಷಿ ಒಣಗಿಸುವ ಒಂದು ಶೆಡ್ಡಿನಲ್ಲಿ ಭೇಟಿ.

ನಾನು ಕಾಕಾನನ್ನು ಕರೆದುಕೊಂಡು ಹೋದವನು, ಶೆಡ್ಡಿನ ಬಾಗಿಲಲ್ಲೇ ಕೂತೆ. ಒಳಗೆ ಜಾಲರಿಯ ಮೇಲೆ ಹಸಿರು ದ್ರಾಕ್ಷಿ ಸುಕ್ಕುಗಟ್ಟುತ್ತಿತ್ತು, ಕೆಳಗೆ ಎರಡು ಖುರ್ಚಿ. ಗೌಡರಿಗೆ ಮರಾಠಿ ಚೆನ್ನಾಗಿ ಬರುತ್ತಿತ್ತು, ಸಾಹೇಬರಿಗೆ ಕನ್ನಡ ಅರ್ಥವಾಗುತ್ತಿತ್ತು. ಆದರೆ ಪ್ರತಿಷ್ಠೆ ನೋಡಿ! ಗೌಡರು ಕನ್ನಡ ಬಿಡಲಿಲ್ಲ, ಸಾಹೇಬರು ಮರಾಠಿ ಬಿಡಲಿಲ್ಲ. ಗೌಡರು ಒಂದು ಹಾಸ್ಯ ಹೇಳಿದಾಗ ಕಾಕಾ ಅನುವಾದಿಸುವ ಮೊದಲೇ ಸಾಹೇಬರು ನಕ್ಕುಬಿಟ್ಟರು, ಆಮೇಲೆ ಕೆಮ್ಮಿದರು. ಮೂರು ತಾಸು ಮಾತು ನಡೆಯಿತು. ಹಳೆಯ ಬೈಗುಳಗಳೆಲ್ಲ ಕಾಕಾನ ಬಾಯಲ್ಲಿ ಹೊಕ್ಕು ವಿನಂತಿಯಾಗಿ ಹೊರಬಂದವು.

ಕೊನೆಗೆ ಉಳಿದದ್ದು ಒಂದೇ ಪ್ರಶ್ನೆ. ಕಾಲುವೆಯ ನೀರು ನಿಲ್ಲಿಸಲು ಒಂದು ದೊಡ್ಡ ತಲಾವು ಬೇಕು, ಅದನ್ನು ಎಲ್ಲಿ ಮಾಡುವುದು? ಎರಡೇ ಜಾಗ ಸರಿಹೊಂದುತ್ತಿದ್ದವು. ಒಂದು, ಗೌಡರ ಮೇಲಿನ ಹೊಲದ ಅಂಚು. ಇನ್ನೊಂದು, ಊರ ಪೂರ್ವಕ್ಕಿದ್ದ ಸರಕಾರಿ ಹುಲ್ಲುಗಾವಲು. ಗಾಯರಾನ ಅನ್ನುತ್ತೇವೆ ಅದಕ್ಕೆ. ಅಲ್ಲಿ ಎರಡು ತಲೆಮಾರಿನಿಂದ ನಲವತ್ತು ಮನೆಗಳಿದ್ದವು. ಕಲ್ಲು ಒಡೆಯುವವರು, ಬುಟ್ಟಿ ಹೆಣೆಯುವವರು, ಗಾದಿ ತುಂಬುವವರು, ಗಾದಿ ಅವ್ವನ ಮನೆಯೂ ಅಲ್ಲೇ. ಬೇರೆ ಬೇರೆ ದೇವರವರು, ಕೈಯಲ್ಲಿ ಕಾಗದವಿಲ್ಲದವರು.

"ನನ್ನ ಹೊಲಾ ಮುಟ್ಟೂಹಂಗಿಲ್ಲ. ಗಾಯರಾನ ಐತಲ್ಲ" ಅಂದರು ಗೌಡರು.

ಕಾಕಾ ಅದನ್ನು ಸಾಹೇಬರಿಗೆ ತಿಳಿಸಿ, ಅಲ್ಲಿರುವ ಮನೆಗಳ ಗತಿ ಏನು ಎಂದು ತಾವಾಗಿಯೇ ಕೇಳಿದರು. ಸಾಹೇಬರು ನೊಣ ಹೊಡೆಯುವಂತೆ ಕೈಯಾಡಿಸಿ, "ತ್ಯಾಂಚ ಆಮ್ಹಿ ಬಘೂನ್ ಘೇಊ" ಅಂದರು.

ಅವರದನ್ನು ನಾವು ನೋಡಿಕೊಳ್ಳುತ್ತೇವೆ. ನಮ್ಮ ಭಾಷೆಯಲ್ಲೂ ಈ ಮಾತಿಗೆ ಎರಡು ಮುಖ. ಮಗುವನ್ನೂ ನೋಡಿಕೊಳ್ಳಬಹುದು, ವೈರಿಯನ್ನೂ ನೋಡಿಕೊಳ್ಳಬಹುದು. ಕಾಕಾ ಬಾಯಲ್ಲಿದ್ದ ಲವಂಗವನ್ನು ಈ ದವಡೆಯಿಂದ ಆ ದವಡೆಗೆ ತಿರುವಿದರು. ಆಮೇಲೆ, "ಅವರ ವ್ಯವಸ್ಥಾ ನೋಡ್ಕೋತಾರಂತ್ರಿ ಗೌಡ್ರ" ಅಂದರು. ಗೌಡರು ಎದ್ದು ಕೈ ಚಾಚಿದರು. ಇಬ್ಬರೂ ಅಪ್ಪಿಕೊಂಡರು!

ವಾಪಸು ಬರುವಾಗ ಕಾಕಾನ ಸಂಭ್ರಮ ಹೇಳತೀರದು. ಮೋಟಾರ್‌ಸೈಕಲ್ಲಿನ ಹಿಂದೆ ಕೂತು ಎರಡೂ ಕೈ ಗಾಳಿಗೆ ಬಿಟ್ಟು ಕೂಗಿದರು, "ನೀರು ಬರ್ತಾವಲೇ ತಮ್ಮಾ! ನಾ ತಂದೆ! ನನ್ನ ಈ ಹರಕು ಬಾಯಿ ತಂತು!" ಬಸ್ ನಿಲ್ದಾಣದಲ್ಲಿ ಇಳಿದು ಸಿಕ್ಕ ಸಿಕ್ಕವರಿಗೆಲ್ಲ ಹೇಳಿದರು. ಗಾದಿ ಅವ್ವ ಅಲ್ಲೇ ಕೂತಿದ್ದಳು. "ಅಣ್ಣಾ, ನಮ್ಮ ಕಡೀಗೂ ಬರ್ತಾವೇನೋ?" ಎಂದು ಕೇಳಿದಳು. "ನಿಮಗ ಮೊದಲ ಬರ್ತಾವವ್ವ" ಅಂದರು ಕಾಕಾ. ಹೇಳುವಾಗ ಅವಳ ಮುಖ ನೋಡಲಿಲ್ಲ. ಇದು ನನಗೆ ನೆನಪಿದೆ... ಅಥವಾ ಆಮೇಲಿನದೆಲ್ಲ ತಿಳಿದ ಮೇಲೆ ಹಾಗೆ ನೆನಪಾಗುತ್ತಿದೆಯೋ.

ನಾನೂ ಹಿಗ್ಗಿದ್ದೆ. ಎರಡೂ ಕಡೆಯವರು ಒಂದಾದರೆಂದರೆ ಇಡೀ ಚುನಾವಣೆಯ ಸಭೆಗಳೆಲ್ಲ ನನ್ನ ಮೈಕಿಗೇ.

ದೊಡ್ಡ ಸಭೆ ಸಂತೆಯ ಬಯಲಿನಲ್ಲಿ, ಬಿಸಿಲು ಇಳಿಯುವ ಹೊತ್ತಿಗೆ. ಅಷ್ಟು ಜನರನ್ನು ನಾನು ಆ ಮೊದಲೂ ನೋಡಿರಲಿಲ್ಲ, ಆಮೇಲೂ ನೋಡಲಿಲ್ಲ. ಬಿಳೂರಿನವರು, ಸನಮಡಿಯವರು, ಸಂಖದ ಸುತ್ತಿನವರು, ಕುರಿಗಳನ್ನು ಹಟ್ಟಿಯಲ್ಲಿ ಬಿಟ್ಟು ಕಂಬಳಿ ಸಮೇತ ಬಂದ ಕುರಿಗಾರರು. ಹಲಗೆಗಳು ಮೊಳಗುತ್ತಿದ್ದವು, ಅರಿಶಿನದ ಭಂಡಾರ ಹಾರುತ್ತಿತ್ತು. ಎಂಟು ಭೋಂಗಾ ಕಟ್ಟಿದ್ದೆ, ಅದೂ ಸಾಲದಾಗಿ ಜತ್ತಿನಿಂದ ನಾಲ್ಕು ತರಿಸಿದ್ದೆ. ಸಾಹೇಬರೂ ಗೌಡರೂ ಒಂದೇ ಜೀಪಿನಲ್ಲಿ ನಿಂತು ಬಂದಾಗ ಎದ್ದ ಕೂಗು ಇನ್ನೂ ನನ್ನ ಕಿವಿಯಲ್ಲಿದೆ. ಮುದುಕರು ಅತ್ತರು. ಎರಡು ಹೋಳು ಕೂಡುವುದನ್ನು ಕಣ್ಣಾರೆ ನೋಡುತ್ತಿದ್ದೆವಲ್ಲ! ನಾನು ಅಂಪ್ಲಿಫಾಯರಿನ ಮುಂದೆ ಕೂತವನು ಕಣ್ಣೊರೆಸಿಕೊಂಡೆ.

ಗಾಯರಾನದವರು ಎಲ್ಲರಿಗಿಂತ ಮೊದಲೇ ಬಂದು ಮುಂದೆಯೇ ಕೂತಿದ್ದರು. ಮೊದಲ ಸಾಲಿನಲ್ಲಿ ಗಾದಿ ಅವ್ವ, ಹೊಸ ಸೀರೆ ಉಟ್ಟಿದ್ದಳು.

ಸಾಹೇಬರು ಶುರು ಮಾಡಿದರು. ಕಾಕಾ ಆ ದಿನ ಕುದುರೆಯಾಗಿದ್ದರು. ಸಾಹೇಬರು ಒಂದು ವಾಕ್ಯ ಹೇಳಿದರೆ ಕಾಕಾ ಅದಕ್ಕೆ ರೆಕ್ಕೆ ಕಟ್ಟಿ ಬಿಡುತ್ತಿದ್ದರು. ಕಾಲುವೆ ಬರುತ್ತದೆ ಅಂದಾಗ "ಗಂಗವ್ವ ಎದ್ದಾಳ, ಸೆರಗ ಕಟ್ಯಾಳ, ನಿಮ್ಮ ಹೊಸ್ತಲಿಗೆ ಹೊಂಟಾಳ!" ಎಂದು ಕಾಕಾ. ಬಯಲು ಬಯಲೇ ಎದ್ದು ನಿಂತು ಕೇಕೆ ಹಾಕಿತು. ಸಾಹೇಬರಿಗೂ ಆವೇಶ ಬಂತು. ಆ ಆವೇಶದಲ್ಲೇ ತಲಾವಿನ ಮಾತಿಗೆ ಬಂದರು. ಗಾಯರಾನದಲ್ಲೇ ಮಾಡುತ್ತೇವೆ ಅಂದರು. ಅಲ್ಲಿ ಬಂದು ಸೇರಿಕೊಂಡವರು ನಮ್ಮವರಲ್ಲ, ಎಲ್ಲಿಯವರೋ ಏನೋ, ಚುನಾವಣೆ ಮುಗಿದ ಹದಿನೈದು ದಿನಕ್ಕೆ ಎತ್ತಿ ಒಗೆಯುತ್ತೇವೆ, ನಿಮಗೆ ನೀರು ಬೇಕಾದರೆ ಕಸ ತೆಗೆಯಬೇಕು, ಅಂದರು.

ಹಿಂದೆ ನಿಂತಿದ್ದ ಮರಾಠಿ ಬಲ್ಲ ಹುಡುಗರಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಮುಂದೆ ಕೂತಿದ್ದವರು ನಗುಮುಖದಿಂದ ಕಾಕಾನ ಬಾಯಿ ನೋಡುತ್ತಿದ್ದರು.

ಕಾಕಾ ಸಾಹೇಬರತ್ತ ತಿರುಗಿ ಮೆಲ್ಲಗೆ ಮರಾಠಿಯಲ್ಲಿ, "ಸಾಹೇಬ, ಇನ್ನೊಮ್ಮೆ ಹೇಳಿ" ಅಂದರು. ಮೈಕು ಹತ್ತಿರವಿದ್ದುದರಿಂದ ಅದು ಎಲ್ಲರಿಗೂ ಕೇಳಿಸಿತು. ಮಾತನ್ನು ಹಿಂದೆ ತೆಗೆದುಕೊಳ್ಳಲು ಅವಕಾಶ ಕೊಟ್ಟರು ಎಂದು ನನಗೆ ಈಗ ಅನಿಸುತ್ತದೆ. ಸಾಹೇಬರು ಇನ್ನೂ ಜೋರಾಗಿ ಅದನ್ನೇ ಹೇಳಿದರು. ಕಾಕಾ ಗೌಡರತ್ತ ನೋಡಿದರು. ಗೌಡರು ತಮ್ಮ ಚಪ್ಪಲಿ ನೋಡುತ್ತಿದ್ದರು.

ಕಾಕಾ ಬಾಯಿಂದ ಲವಂಗ ತೆಗೆದು ಜೇಬಿಗೆ ಹಾಕಿಕೊಂಡರು.

"ಅವ್ವಗೋಳ್ಯಾ, ಅಪ್ಪಗೋಳ್ಯಾ. ಇಷ್ಟ ವರ್ಷ ಇವರ ಮಾತು ಅವರಿಗೆ, ಅವರ ಮಾತು ಇವರಿಗೆ ಮೆತ್ತಗ ಮಾಡಿ ಹೇಳಕೋತ ಬಂದೀನಿ. ಇವತ್ತಿಂದು ಇದ್ದದ್ದು ಇದ್ದಂಗ ಹೇಳ್ತೀನಿ, ಕೇಳ್ರಿ. ಸಾಹೇಬ್ರು ಹೇಳಿದ್ದು ಹಿಂಗ. ಗಾಯರಾನದಾಗ ಇರೂ ನಲವತ್ತು ಮನಿಯವರು ನಮ್ಮವರಲ್ಲ. ಎಲ್ಲಿಯವರೋ ಏನೋ. ಇಲೆಕ್ಷನ್ ಮುಗದ ಹದಿನೈದ ದಿನಕ್ಕ ಅವರನ್ನ ಎತ್ತಿ ಒಗೀತೀವಿ. ನಿಮಗ ನೀರು ಬೇಕಾದ್ರ ಕಸಾ ತಗೀಬೇಕು."

ಹಲಗೆಯವರ ಕೈ ನಿಂತಿತು. ಆ ಬಯಲಿನಲ್ಲಿ ಅಷ್ಟು ಜನರ ನಡುವೆ ನನ್ನ ಅಂಪ್ಲಿಫಾಯರಿನ ಗುಂಯ್ ಎಂಬ ಸದ್ದು ನನಗೆ ಕೇಳಿಸಿತು. ಗಾದಿ ಅವ್ವನ ಮುಖದ ಮೇಲೆ ಆ ನಗು ಇನ್ನೂ ಹಾಗೇ ಇತ್ತು, ಅದನ್ನು ಎಲ್ಲಿಡಬೇಕೆಂದು ಅವಳಿಗೆ ತಿಳಿಯಲಿಲ್ಲವೇನೋ...

"ಇದು ಅವರ ಮಾತು. ಈಗ ನನ್ನ ಮಾತು" ಅಂದರು ಕಾಕಾ.

ಸಾಹೇಬರ ಕಾರ್ಯಕರ್ತನೊಬ್ಬ ವೇದಿಕೆಯ ಪಕ್ಕದಿಂದ ನನ್ನತ್ತ ಓಡಿ ಬಂದು ಕೈ ಅಡ್ಡಡ್ಡ ಕೊಯ್ದು ತೋರಿಸಿದ. ಬಂದ್ ಮಾಡು. ನನ್ನ ಬೆರಳು ಗುಂಡಿಯ ಮೇಲೇ ಇತ್ತು. ಯೋಚಿಸಿದೆ ಎಂದರೆ ಸುಳ್ಳಾದೀತು. ತಿರುವಿಬಿಟ್ಟೆ. ಹನ್ನೆರಡು ಭೋಂಗಾಗಳೂ ಒಮ್ಮೆಲೇ ಸತ್ತವು.

ಆದರೆ ಅದು ಕಂಡಕ್ಟರನ ಗಂಟಲು! ದಿನ್ನೆ ಹತ್ತುವ ಬಸ್ಸಿನ ಇಂಜಿನ್ನಿನ ಮೇಲೆ ಮೂವತ್ತು ವರ್ಷ ಕೂಗಿದ ಗಂಟಲು. ಅದಕ್ಕೆ ಯಾವ ಮೈಕು? ಕಾಕಾ ಸತ್ತ ಮೈಕನ್ನು ಕೆಳಗಿಟ್ಟು, ವೇದಿಕೆಯ ಅಂಚಿಗೆ ಬಂದು ನಿಂತರು. ಬಯಲಿನ ಕೊನೆಯ ಟ್ರ್ಯಾಕ್ಟರಿನವರೆಗೂ ಮುಟ್ಟುವಂತೆ ಹೇಳಿದರು:

"ನಾನೂ ರಾಜಿ ಮಾಡಾವನ. ಇವರಿಬ್ಬರ ಕೈ ಕೂಡಿಸಿದಾವನೂ ನಾನ. ಸೀಟು ಸಾಲದಿದ್ರ ಸರದು ಕುಂದರೂಣು. ತೊಡಿ ಮ್ಯಾಲ ಕೂಸು ಕುಂದ್ರಿಸ್ಕೊಳ್ಳೂಣು. ನಿಂತ ಹೋಗೂಣು, ಜೋತಾಡಕೋತ ಹೋಗೂಣು. ಅದು ರಾಜಿ. ಆದ್ರ ನಮಗ ಜಗಾ ಆಗ್ಲಿ ಅಂತ ಒಬ್ಬಾಕಿನ್ನ ನಡದಾರ್ಯಾಗ ಇಳಸೂದು ಐತಲ್ಲ... ಅದು ರಾಜಿ ಅಲ್ರೆಪಾ. ಆ ಗಾಡಿಗೆ ನಾ ಕಂಡಕ್ಟರ್ ಆಗಂಗಿಲ್ಲ."

ಮೆಟ್ಟಿಲಿಳಿದು ಬಂದರು. ಯಾರೂ ತಡೆಯಲಿಲ್ಲ. ನೇರ ಮೊದಲ ಸಾಲಿಗೆ ಹೋಗಿ, "ಸ್ವಲ್ಪ ಸರೀರವ್ವ" ಅಂದು ಗಾದಿ ಅವ್ವನ ಪಕ್ಕ ನೆಲದ ಮೇಲೆ ಕೂತುಬಿಟ್ಟರು.

ಆಮೇಲೆ ಎಲ್ಲ ಒಟ್ಟಿಗೇ ನಡೆಯಿತು. ಒಬ್ಬ ಕುರಿಗಾರ ಮುದುಕ ಕಂಬಳಿ ಕೊಡವಿ ಎದ್ದು, "ಹೌದೋ ಮಗನ!" ಎಂದು ಕೂಗಿದ. ಎಲ್ಲಿಂದಲೋ ಚಪ್ಪಾಳೆ ಶುರುವಾಗಿ ಬಯಲು ತುಂಬಿತು. ಇನ್ನೊಂದು ಕಡೆಯಿಂದ "ಮುಚ್ಚಲೇ ಬಾಯಿ, ನಮ್ಮ ನೀರು ಹಾಳ ಮಾಡಬ್ಯಾಡ!" ಎಂದು ಕೂಗಿದರು. ತಳ್ಳಾಟವಾಯಿತು, ಒಂದು ಭೋಂಗಾ ಕಂಬ ಬಿತ್ತು. ಸಾಹೇಬರು ಜೀಪು ಹತ್ತಿ ಹೋದರು. ಗೌಡರು ಇನ್ನೊಂದು ಜೀಪಿನಲ್ಲಿ.

ಒಂದು ವಾರಕ್ಕೆ ಒಡಂಬಡಿಕೆ ಮುರಿಯಿತು. ಗಾಯರಾನದ ಮನೆಗಳನ್ನು ಯಾರೂ ಮುಟ್ಟಲಿಲ್ಲ. ಕಾಲುವೆಯೂ ಬರಲಿಲ್ಲ.

ಇಲ್ಲಿಗೆ ಕಥೆ ಮುಗಿದಿದ್ದರೆ ಕಾಕಾ ಊರ ನಾಯಕರಾಗಿ ಉಳಿಯುತ್ತಿದ್ದರು. ಅವತ್ತು ಚಪ್ಪಾಳೆ ತಟ್ಟಿದ ಕೈಗಳೇ ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತವು. ನಲವತ್ತು ಮನೆಗಾಗಿ ಇಡೀ ಭಾಗದ ನೀರು ಕಳೆದ ಮುದುಕ ಎಂಬ ಮಾತು ಹುಟ್ಟಿತು. ಕಾಕಾ ದಾರಿಯಲ್ಲಿ ಬಂದರೆ ಹೆಂಗಸರು ಖಾಲಿ ಕೊಡವನ್ನು ಬೇಕೆಂದೇ ಸದ್ದು ಮಾಡಿ ಇಡುತ್ತಿದ್ದರು. ಅವರ ಮಗಳ ಗಂಡನ ಮನೆಯವರೂ ಒಂದು ಹಬ್ಬಕ್ಕೆ ಕರೆಯಲಿಲ್ಲ. ಕಾಕಾ ತಲೆ ತಗ್ಗಿಸಿ ನಡೆಯುತ್ತಿದ್ದರು. "ಖರೇನ ಐತಿ ಅವರ ಮಾತು. ನೀರು ನನ್ನಿಂದನ ತಪ್ಪಿತು" ಅಂದುಬಿಟ್ಟರು ಒಂದು ದಿನ.

ಸಭೆಯ ಮರುದಿನ ಬೆಳಿಗ್ಗೆ ಅವರು ಎಂದಿನಂತೆ ನನ್ನ ಬಾಕಿನ ಮೇಲೆ ಬಂದು ಕೂತಿದ್ದರು. ನನಗೆ ಮುಖ ಎತ್ತಲಾಗಲಿಲ್ಲ. ಗುಂಡಿ ತಿರುವಿದ ವಿಷಯ ಅವರೇ ಎತ್ತುತ್ತಾರೆ, ಬೈಯುತ್ತಾರೆ, ಬೈದರೆ ಹಗುರಾಗುತ್ತೇನೆ ಎಂದು ಕಾದೆ. ಅವರು ಎತ್ತಿದ್ದು ಬೇರೆ.

"ತಮ್ಮಾ, ಆ ಶೆಡ್ಡಿನ್ಯಾಗ ಸಾಹೇಬ 'ನೋಡ್ಕೋತೀವಿ' ಅಂದ್ನಲ್ಲ, ಅವಾಗನ ನನಗ ತಿಳದಿತ್ತು. ದನಿಯಾಗನ ಗೊತ್ತಾಗ್ತೈತಿ. ತಿಳದೂ ತಿಳದೂ 'ವ್ಯವಸ್ಥಾ' ಅಂತ ಒಂದ ಮಾತು ನಾನ ಸೇರಿಸಿದೆ. ನೀರಿನ ಆಸೇಕ. ಮೆತ್ತಗ ಮಾಡಬಾರದ್ದನ್ನ ಮೆತ್ತಗ ಮಾಡಿದೆ. ನಿನ್ನೆ ನಾ ಏನ್ ದೊಡ್ಡ ಕೆಲಸ ಮಾಡ್ಲಿಲ್ಲ. ಅವತ್ತ ಹಾಕಿದ ಹೊಲಿಗಿ ಬಿಚ್ಚಿದೆ, ಅಷ್ಟ."

ನಾನು ಚಹಾ ತರಿಸಿದೆ.

ಈಗ ಹೇಳುವುದನ್ನು ಗಮನವಿಟ್ಟು ಕೇಳಿ, ಏಕೆಂದರೆ ಊರವರು ಇದನ್ನು ಯಾರಿಗೂ ಹೇಳುವುದಿಲ್ಲ. ಕಾಕಾ ರಾಜಿ ಮಾಡುವುದನ್ನು ಬಿಡಲಿಲ್ಲ! ವೇದಿಕೆ ಹತ್ತುವುದನ್ನಷ್ಟೇ ಬಿಟ್ಟರು. ಎರಡು ವರ್ಷ ಬಿಟ್ಟು ಒಂದು ಬೆಳಿಗ್ಗೆ ಟೊಪ್ಪಿಗೆ ಇಟ್ಟುಕೊಂಡು ಗೌಡರ ಮನೆಗೆ ಹೋಗಿ ಕಟ್ಟೆಯ ಮೇಲೆ ಕೂತರು. ಗೌಡರು ಹೊರಗೆ ಬರಲಿಲ್ಲ. ಮರುದಿನ ಮತ್ತೆ ಹೋದರು. ಎಷ್ಟು ದಿನವೋ... ಕೊನೆಗೆ ಗೌಡರ ಮನೆಯಾಕೆ, ಗೌಡಶಾನಿಯೇ ಚಹಾ ಕೊಟ್ಟು ಒಳಗೆ ಕರೆದರಂತೆ. ತಲಾವಿಗೆ ಹೊಲದ ಅಂಚಿನ ಕಲ್ಲುಭೂಮಿಯನ್ನಷ್ಟೇ ಬಿಟ್ಟುಕೊಡಿ, ಎರೆಮಣ್ಣು ಬೇಡ ಎಂದು ಕಾಕಾ ಕೇಳಿಕೊಂಡರು, ಗೌಡರು ಹೂಂ ಅಂದರು. ಅಲ್ಲಿಂದ ಗಾಯರಾನಕ್ಕೆ ಹೋದರು. ಕೊಳವೆ ಹಾಯಲು ದಾರಿ ಬೇಕು, ಮುಂದಿನ ಸಾಲಿನವರು ತಮ್ಮ ಕಟ್ಟೆ, ದನದ ಚಪ್ಪರಗಳನ್ನು ಹನ್ನೆರಡು ಅಡಿ ಹಿಂದೆ ಸರಿಸಿ ಎಂದು ಕೇಳಿದರು. ಅಲ್ಲಿಯ ಹುಡುಗರು ರೇಗಿದರು: "ನಮ್ಮ ಸಲುವಾಗಿ ನಿಂತಾವರು ನೀವು. ಈಗ ನೀವ ಹಿಂದ ಸರೀರಿ ಅಂತೀರೇನು?"

"ಹೌದಪಾ. ಸರೀರಿ ಅಂತೀನಿ. ಏಳ್ರಿ ಅನ್ನಂಗಿಲ್ಲ."

ಗಾದಿ ಅವ್ವ ಎಲ್ಲರಿಗಿಂತ ಮೊದಲು ತನ್ನ ಚಪ್ಪರದ ಗೂಟ ಕಿತ್ತಳು. ನಾನು ಅಲ್ಲಿದ್ದೆ, ಇನ್ನೊಂದು ಗೂಟ ನಾನು ಕಿತ್ತೆ.

ಹಾಗೆ ಸಂಖದ ತಹಶೀಲ ಕಚೇರಿಗೆ, ಜತ್ತಿಗೆ, ಸಾಂಗಲಿಗೆ ಓಡಾಡಿ, ನಾಲ್ಕು ಜನ ಬೈದು, ಹತ್ತು ಜನ ಸಹಿ ಹಾಕಿ, ನೀರು ಬಂತು. ತಡವಾಗಿ ಬಂತು, ಆದರೆ ಬಂತು! ಕೊಳವೆಯಿಂದ ಮೊದಲ ನೀರು ಕೆಂಪಗೆ, ಬುಸುಗುಟ್ಟುತ್ತ ಚಿಮ್ಮಿದ ದಿನ ಊರಿಗೆ ಊರೇ ತಲಾವಿನ ದಂಡೆಯ ಮೇಲಿತ್ತು. ಮುದುಕರು ಧೋತರ ಸಮೇತ ನೀರಿಗಿಳಿದರು. ಯಾವುದೋ ಹೊಸ ನಾಯಕರು ಬಂದು ತೆಂಗಿನಕಾಯಿ ಒಡೆದು ಮಾತಾಡಿದರು. ಕಾಕಾನ ಹೆಸರು ಯಾರ ಬಾಯಲ್ಲೂ ಬರಲಿಲ್ಲ. ಅವರು ಗುಂಪಿನ ಹಿಂದೆ ಪಾಯಿಜಾಮ ಮೊಣಕಾಲಿನವರೆಗೆ ಮಡಚಿ ನಿಂತು, ಚಿಕ್ಕವರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತಿದ್ದರು.

ಆಮೇಲೆ ಆರು ವರ್ಷ ಬದುಕಿದ್ದರು. ಅವರು ಹೋದ ದಿನ ನಾನು ಸನಮಡಿಯಲ್ಲಿ ಒಂದು ಮದುವೆಗೆ ಸ್ಪೀಕರು ಕಟ್ಟುತ್ತಿದ್ದೆ. ಫೋನು ಬಂದದ್ದು ಗದ್ದಲದಲ್ಲಿ ಕೇಳಿಸಲಿಲ್ಲ. ಬರುವಷ್ಟರಲ್ಲಿ ಮಣ್ಣು ಮುಗಿದಿತ್ತು. ಗಾಯರಾನದ ನಲವತ್ತೂ ಮನೆಯವರು ಬಂದಿದ್ದರಂತೆ. ಅಷ್ಟು ವರ್ಷ ದಿನಾ ಬೆಳಿಗ್ಗೆ ಎದುರು ಕೂತವರಿಗೆ, ಕಾಕಾ, ಅವತ್ತು ನಾನು ತಪ್ಪು ಮಾಡಿದೆ ಎಂಬ ಒಂದು ಮಾತು ಹೇಳಲು ನನಗಾಗಿರಲಿಲ್ಲ. ಹಾಗೇ ಉಳಿದುಹೋಯಿತು.

ಅವರ ಮನೆಯಲ್ಲೀಗ ಮೊಬೈಲ್ ರಿಪೇರಿಯವನಿದ್ದಾನೆ. ಸಭೆಗಳಿಗೆ ದುಭಾಷಿಗಳನ್ನು ಯಾರೂ ಕರೆಯುವುದಿಲ್ಲ. ಭಾಷಣಗಳು ಫೋನಿನಲ್ಲಿ ಬರುತ್ತವೆ, ಮುಳ್ಳು ಸಮೇತ, ಯಾವ ಭಾಷೆ ಬೇಕೋ ಆ ಭಾಷೆಯಲ್ಲಿ.

ಹೋದ ತಿಂಗಳು ಪಶ್ಚಿಮದ ಹಳ್ಳಿಯವರಿಗೂ ನಮ್ಮವರಿಗೂ ನೀರಿನ ಪಾಳಿಯ ವಿಷಯಕ್ಕೆ ದೊಡ್ಡ ಜಗಳವಾಯಿತು. ಎರಡೂ ಭಾಷೆ ಬಲ್ಲವನು ಎಂದು ನನ್ನನ್ನು ನಡುವೆ ಕೂರಿಸಿದರು. ಅತ್ತಲ ಹಿರಿಯನೊಬ್ಬ ಸಿಟ್ಟಿನಲ್ಲಿ ನಮ್ಮ ಕೆಳಗಿನ ಓಣಿಯವರ ಬಗ್ಗೆ ಒಂದು ಮಾತು ಅಂದ. ಎಲ್ಲರೂ ನನ್ನತ್ತ ನೋಡಿದರು. ನಾನು ಅದನ್ನು ಮೆತ್ತಗೆ ಮಾಡಿ ಹೇಳಿದೆ. ಕೆಲಸವಾಯಿತು! ಪಾಳಿ ನಿಗದಿಯಾಯಿತು, ಕೈ ಕೈ ಹಿಡಿದರು, ಬೆನ್ನು ತಟ್ಟಿದರು, ನನ್ನ ಎದೆಯೂ ಉಬ್ಬಿತು.

ಮನೆಗೆ ನಡೆದು ಬರುವಾಗ ಅರ್ಧ ದಾರಿಯಲ್ಲಿ ನಿಂತುಬಿಟ್ಟೆ. ನಾನು ಮೆತ್ತಗೆ ಮಾಡಿದ ಆ ಮಾತು ಮೆತ್ತಗೆ ಮಾಡಬಹುದಾದದ್ದೇ ಆಗಿತ್ತೇ? ದನಿಯಲ್ಲೇ ಗೊತ್ತಾಗುತ್ತದೆ ಅಂದಿದ್ದರು ಕಾಕಾ. ನನಗೆ ಗೊತ್ತಾಗಲಿಲ್ಲ. ಇವತ್ತಿಗೂ ಗೊತ್ತಾಗಿಲ್ಲ. ಹೇಳಿ ನೋಡೋಣವೆಂದರೆ, ಕೇಳಿ ಹೌದು ಅಲ್ಲ ಎನ್ನುವವರು ಈ ಊರಿನಲ್ಲಿ ಒಬ್ಬರೇ ಇದ್ದರು.